ಇಪ್ಪತ್ತರಲ್ಲಿ ಮೊದಲನೆಯದು

ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಜೆರಾಕ್ಸಿನ ಕಪ್ಪು, ಅದರ ಕೆಳಗೆ ಕಿತ್ತಳೆ ಬಣ್ಣದ ಒಂದು ಮೂಲೆ, ಮೂಲೆಯಲ್ಲಿ ಅರ್ಧ ಕೊಡೆ — ಅಷ್ಟೇ, ಉಳಿದದ್ದು ಬೇಕೆಂದರೆ ಕಣ್ಣು ಸರಿಸಬೇಕು, ಸರಿಸಿದರೆ ಕೊಡೆ ಹೋಗಿ ಒಬ್ಬ ಹುಡುಗಿಯ ಕೆನ್ನೆ ಬರುತ್ತದೆ, ಕೆನ್ನೆ ಹೋಗಿ ಇಂಗ್ಲಿಷ್ ಅಕ್ಷರ, ಅಕ್ಷರ ಮುಗಿದಲ್ಲಿ ಒಂದು ಎಂಬ ಅಂಕಿ, ಹೌದು, ಅದೇ, ಬಂದೇಬಿಟ್ಟಿದೆ. ಹೆಬ್ಬೆರಳು ಸೂರಿಯದು, ಅಂಗಡಿಯೂ ಅವನದು, ಆದೋನಿ ಬಸ್ ಸ್ಟ್ಯಾಂಡಿನ ಹಿಂದೆ ಗೈಡು, ನೋಟ್‌ಬುಕ್ಕು, ಜೆರಾಕ್ಸು, ಅವುಗಳ ನಡುವೆ ವರ್ಷಕ್ಕೆ ಎರಡೋ ಮೂರೋ ಸಲ ನನಗೋಸ್ಕರ ಹೈದರಾಬಾದಿನಿಂದ ತರಿಸುವ ಜಪಾನಿನ ಚಿತ್ರಕಥೆ, ಮಾಂಗಾ ಎಂದರೆ ಈಗ ಅವನಿಗೂ ಗೊತ್ತು. ಊರಾಗ ಇದನ್ನ ಕೇಳೋರು ನೀವೊಬ್ರೇ ಗಂಗೋತ್ರಮ್ಮಾ, ಮಿಗತಾ ಅಂತಾ, ಉಳಿದೋರಿಗೆಲ್ಲಾ ಗೈಡೇ, ಎನ್ನುತ್ತಾನೆ, ಹೊಗಳಿಕೆಯೋ ದೂರೋ ತಿಳಿಯದು, ಮುಖ ನೋಡೋಣವೆಂದರೆ ನಾನು ಕಣ್ಣೆತ್ತುವಷ್ಟರಲ್ಲಿ ಮುಖ ಬೇರೆ ಕಡೆ ಹೋಗಿರುತ್ತದೆ. ನನಗೆ ಕಾಣುವುದು ಒಂದು ಬಳೆಯಷ್ಟು, ಬಳೆಯನ್ನು ಕೈಚಾಚಿ ಹಿಡಿದು ಅದರೊಳಗಿಂದ ನೋಡಿದರೆ ಎಷ್ಟೋ ಅಷ್ಟು, ಅದೂ ಹಗಲಲ್ಲಿ, ಬೆಳಕು ಚೆನ್ನಾಗಿದ್ದರೆ. ಹತ್ತೊಂಬತ್ತರಲ್ಲಿ ಊಟದ ತಟ್ಟೆಯಷ್ಟಿತ್ತು, ಈಗ ನನಗೆ ಇಪ್ಪತ್ತೈದು. ಅಕ್ಕಾ, ಮೆಟ್ಟಿಲ ಐತಿ ನೋಡು, ಎಂದು ಭುವನಾ ಮೊಣಕೈ ಹಿಡಿಯುತ್ತಾಳೆ, ಐತಿ ತಾಯೀ, ಆರು ವರ್ಷದಿಂದ ಐತಿ, ನಿನಗಿಂತ ಮೊದಲು ನನ್ನ ಕಾಲಿಗೆ ಗೊತ್ತೈತಿ. ಸಿಡುಕಿಬಿಟ್ಟೆ, ಸಿಡುಕಬಾರದಿತ್ತು, ಪುಸ್ತಕ ಕೊಡಿಸುತ್ತಿರುವವಳು ಅವಳೇ, ನನ್ನ ತಂಗಿ, ಇಪ್ಪತ್ತೊಂದು ವರ್ಷದವಳು, ನಾಳೆ ಹನ್ನೊಂದು ಗಂಟೆಗೆ ಪತ್ತಿಕೊಂಡದ ಅಜ್ಜಿ ಮನೆಯಲ್ಲಿ ಅವಳ ನಿಶ್ಚಯ, ಟೈಲರ್ ಹತ್ತಿರ ಕುಪ್ಪಸವಷ್ಟೇ ತರುತ್ತೇವೆಂದು ಅವ್ವನಿಗೆ ಸುಳ್ಳು ಹೇಳಿ ನನ್ನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಬಂದಿದ್ದಾಳೆ. ನನ್ನ ಕಡೆಯಿಂದ ನಿನಗ ಮುಯ್ಯಿ ಅಕ್ಕಾ, ಎಂದಳು, ಮದುವೆ ಅವಳದು, ಉಡುಗೊರೆ ನನಗೆ. ಇವತ್ತು ಅವಳಿಗೆ ಹೇಳಲೇಬೇಕು. ಇವತ್ತು ಬಿಟ್ಟರೆ ಇಲ್ಲ, ಬೆಳಿಗ್ಗೆ ಎದ್ದಾಗಿನಿಂದ ಇದೊಂದೇ ಮಾತು ಬಾಯಿಯೊಳಗೆ ತಿರುಗುತ್ತಿದೆ, ಹೊರಗೆ ಬಂದದ್ದು ಮಾತ್ರ ಮೆಟ್ಟಿಲಿನ ಜಗಳ.

ಸೀರೀಸ್ ಅಂತಮ್ಮಾ, ಇದು ಒಂದನೇದು, ಇಪ್ಪತ್ತು ಬರ್ತಾವಂತ, ನಿದಾನಂಗಾ ಬರ್ತಾವ, ಎಂದ ಸೂರಿ, ಪುಸ್ತಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕುಪ್ಪಸದ ಚೀಲದಲ್ಲಿ ಹಾಕಿ ಕೊಟ್ಟ. ಇಪ್ಪತ್ತು. ಸ್ಕೂಟಿಯ ಹಿಂದೆ ಕೂತು ಲೆಕ್ಕ ಹಾಕುತ್ತಿದ್ದೇನೆ, ವರ್ಷಕ್ಕೆ ಮೂರು ಬಂದರೆ ಏಳು ವರ್ಷ, ಹೋದ ಸಂಕ್ರಾಂತಿಗೆ ಡಾಕ್ಟರಮ್ಮ ಹೇಳಿದ್ದು ಓದುವಷ್ಟು ಕಣ್ಣು ಇನ್ನು ಮೂರು ವರ್ಷ, ಬಹಳವೆಂದರೆ ಮೂರೂವರೆ, ಅಂದರೆ ಒಂಬತ್ತನೆಯ ಪುಸ್ತಕ, ಸ್ವಲ್ಪ ಧಾರಾಳವಾಗಿ ಹಿಡಿದರೆ ಹತ್ತು. ಹತ್ತಕ್ಕೆ ಕಥೆ ಎಲ್ಲಿರುತ್ತದೆ, ಯಾರು ಬದುಕಿರುತ್ತಾರೆ, ಹನ್ನೊಂದನೆಯದನ್ನು ಮಡಿಲಲ್ಲಿ ಇಟ್ಟುಕೊಂಡು ಮೂಸಿ ನೋಡಬೇಕು ಅಷ್ಟೇ. ಜನ ಹೊಸ ಪುಸ್ತಕ ಹಿಡಿದರೆ ಹೇಗೆ ಶುರುವಾಗುತ್ತದೆ ಎಂದು ನೋಡುತ್ತಾರೆ, ನಾನು ಎಲ್ಲಿ ನಿಲ್ಲುತ್ತೇನೆ ಎಂದು ನೋಡುತ್ತೇನೆ, ದರಿದ್ರ ಅಭ್ಯಾಸ. ಹತ್ತಿಯ ಲಾರಿಯೊಂದು ಪಕ್ಕದಲ್ಲಿ ಹೋಯಿತು, ಕಾಣಲಿಲ್ಲ, ಗಾಳಿ ಹೊಡೆಯಿತು, ತುಟಿಗೆ ಒಂದು ಎಳೆ ಅಂಟಿತು, ಈ ತಿಂಗಳು ಆದೋನಿಯಲ್ಲಿ ಎಲ್ಲರ ಬಾಯಲ್ಲೂ ಹತ್ತಿ. ಭುವನಾ ಮುಂದೆ ಕೂತು ಕೂಗಿ ಕೂಗಿ ಮಾತಾಡುತ್ತಿದ್ದಾಳೆ, ನಾಳಿನ ಸೀರಿ ಮೈಲುತುತ್ತ ನೀಲಿ ಬಣ್ಣದ್ದು, ಮಾಮ ತಾನೂ ಅದೇ ಬಣ್ಣದ ಅಂಗಿ ಹೊಲಿಸ್ಯಾನಂತ, ಬ್ಯಾಡ, ಬ್ಯಾಂಡ್ ಮೇಳದವರ ಹಂಗ ಕಾಣತೀವಿ ಅಂದೆ ಅಕ್ಕಾ, ನಗುತ್ತಾಳೆ, ಅವಳ ಬೆನ್ನು ನಗುವುದು ನನ್ನ ಕೆನ್ನೆಗೆ ತಿಳಿಯುತ್ತದೆ. ಮಾಮ ಅಂದರೆ ಬಸವಕಿರಣ, ಅವ್ವನ ಸ್ವಂತ ತಮ್ಮ, ನಮ್ಮ ಸೋದರಮಾವ, ನಾಳೆಯ ಗಂಡು. ಆ ಬೆನ್ನಿಗೇ ಹೇಳಿಬಿಡಲೇ ಈಗ, ಗಾಳಿಯಲ್ಲಿ, ಭುವಿ, ನನ್ನ ಕಣ್ಣು ಪುಸ್ತಕ ಓದಿ ಹೋದದ್ದಲ್ಲ ಎಂದು. ಗಾಡಿ ಅಲ್ಲಾಡೀತು. ಮನೆಗೆ ಹೋದ ಮೇಲೆ ಹೇಳುತ್ತೇನೆ.

ಪುಸ್ತಕ ಓದಿ ಹೋದದ್ದು. ಊರೆಲ್ಲ ಗೊತ್ತಿರುವ ಕಥೆ ಅದೇ, ಪತ್ತಿಕೊಂಡದಲ್ಲೂ ಅದೇ, ದೇವನಕೊಂಡದ ನೆಂಟರ ಬಾಯಲ್ಲೂ ಅದೇ: ಪಂಚಾಕ್ಷರಯ್ಯನ ದೊಡ್ಡ ಮಗಳು ಇರುವೆಯಂಥ ಅಕ್ಷರದ ಬೊಂಬೆ ಪುಸ್ತಕ ಚಾದರದೊಳಗೆ ಇಟ್ಟುಕೊಂಡು ಓದಿ ಓದಿ ಕಣ್ಣು ಕೆಡಿಸಿಕೊಂಡಳು, ಹೇಳಿದರೆ ಕೇಳಲಿಲ್ಲ. ಈ ಕಥೆಯನ್ನು ಬರೆದವನು ನನ್ನ ಅಪ್ಪ, ಹೈದರಾಬಾದಿನಿಂದ ಬರುವ ರೈಲಿನಲ್ಲಿ, ಕಿಟಕಿ ಪಕ್ಕ ಕೂತು. ಅಂದು ಬೆಳಿಗ್ಗೆ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕಣ್ಣಿಗೆ ಔಷಧಿ ಹಾಕಿ, ದೀಪ ಹಿಡಿದು, ಆಮೇಲೆ ನನ್ನನ್ನು ಬಿಟ್ಟು ಅಪ್ಪನನ್ನು ಕೇಳಿದಳು, ಮೀದಿ ಮೇನರಿಕಮಾ ಅಂಡಿ, ನೀವು ಸಂಬಂಧದಲ್ಲೇ ಮದುವೆ ಆದವರಾ ಎಂದು, ಅಪ್ಪನಿಗೆ ಹೆಮ್ಮೆ, ಅವುನು ಡಾಕ್ಟರ್ ಗಾರೂ, ಸೊಂತ ಅಕ್ಕ ಕೂತುರೇ, ಎಂದ. ಹೌದು, ಸ್ವಂತ ಅಕ್ಕನ ಮಗಳು. ಅಜ್ಜಿ ವೀರಬಸಮ್ಮ ಅಪ್ಪನ ಅಕ್ಕ, ಅವಳ ಮಗಳು ನಮ್ಮ ಅವ್ವ, ಅಪ್ಪ ಇವತ್ತಿಗೂ ಅತ್ತೆಯನ್ನು ಅಕ್ಕಾ ಎಂದೇ ಕರೆಯುತ್ತಾನೆ, ಹೊಲ ಒಡೆಯಲಿಲ್ಲ, ಮನೆ ಒಡೆಯಲಿಲ್ಲ, ಹೆಣ್ಣು ಹೊರಗೆ ಹೋಗಲಿಲ್ಲ. ಡಾಕ್ಟರಮ್ಮ ಕಾಗದದ ಮೇಲೆ ಸುತ್ತು ಬರೆದಳು, ಚೌಕ ಬರೆದಳು, ಸುತ್ತು ಅವ್ವ, ಚೌಕ ಅಪ್ಪ, ನಡುವೆ ಒಂದಲ್ಲ ಎರಡು ಗೆರೆ, ಒಳಗಿನ ಸಂಬಂಧದ ಗುರುತು, ಕೆಳಗೆ ಎರಡು ಸುತ್ತು, ಮೊದಲನೆಯದರೊಳಗೆ ಕಪ್ಪು ತುಂಬಿದಳು, ಅದು ನಾನು. ಇದು ರಕ್ತದಲ್ಲಿ ಬಂದದ್ದು, ಎಂದಳು ತೆಲುಗಿನಲ್ಲಿ, ಮೆತ್ತಗೆ, ಇಬ್ಬರಲ್ಲೂ ಒಳಗೆ ಅಡಗಿದ್ದದ್ದು ಮಗುವಿನಲ್ಲಿ ಎದ್ದಿದೆ, ಮೊದಲು ಇರುಳು ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಕಾಣುವುದಿಲ್ಲ, ಕೊನೆಗೆ ನಡುವಿನದೂ ಹೋಗುತ್ತದೆ, ಔಷಧಿ ಇಲ್ಲ. ಚಿಕ್ಕ ಮಗಳನ್ನೂ ಒಮ್ಮೆ ಕರೆದುಕೊಂಡು ಬನ್ನಿ, ಮತ್ತೆ ಒಳಗೊಳಗೇ ಹೆಣ್ಣು ಕೊಡಬೇಡಿ, ಕೊಡುವುದಾದರೆ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸದೆ ಕೊಡಬೇಡಿ. ಆ ಎರಡನೆಯ ಸುತ್ತು ಖಾಲಿಯಾಗಿತ್ತು, ಅದು ಭುವನಾ, ಅದರ ಪಕ್ಕ ಡಾಕ್ಟರಮ್ಮ ಒಂದು ಪ್ರಶ್ನೆಯ ಗುರುತು ಹಾಕಿದಳು. ರೈಲಿನಲ್ಲಿ ಅಪ್ಪ ಆ ಕಾಗದವನ್ನು ನಾಲ್ಕಾಗಿ ಮಡಿಸಿ, ಹತ್ತಿ ಮಂಡಿಯಲ್ಲಿ ದರ ಕಟ್ಟುವಾಗ ಎಳೆ ಜಗ್ಗಿ ನೋಡುವ ಅದೇ ಎರಡು ಬೆರಳಲ್ಲಿ ಮಡಿಕೆಯನ್ನು ತೀಡುತ್ತಾ ತೀಡುತ್ತಾ ಹೇಳಿದ, ನೋಡವ್ವ ಗಂಗಾ, ರಕ್ತದ್ದು ಅಂತ ತಿಳಿದ್ರ ಸಣ್ಣಾಕಿನ್ನ ಯಾರು ಮಾಡಿಕೊಂತಾರ, ಪುಸ್ತಕ ಓದಿ ಹಿಂಗಾತು ಅಂತ ಹೇಳೋಣು, ಹೆಂಗೂ ಓದತೀಯಲ್ಲ. ಹೂಂ ಅಪ್ಪ, ಎಂದೆ. ಹತ್ತೊಂಬತ್ತು ವರ್ಷ, ಕುರುಡಿ ಆಗುತ್ತೀ ಎಂದು ಕೇಳಿ ನಾಲ್ಕು ಗಂಟೆ ಆಗಿತ್ತು, ಆಗ ಏನು ಕೇಳಿದರೂ ಹೂಂ ಎನ್ನುತ್ತಿದ್ದೆ.

ಊರಿಗೆ ಬಂದು ಅವ್ವ ನನ್ನ ಪುಸ್ತಕಗಳನ್ನೆಲ್ಲ, ಮೂವತ್ತೆರಡು ಇದ್ದವು, ಶೇಂಗಾ ಮಾರುವ ಸುಂಕಣ್ಣನಿಗೆ ಎತ್ತಿಕೊಟ್ಟಳು, ನಾಲ್ಕು ಜನ ನೋಡಲಿ ಎಂದು ಬಾಗಿಲಲ್ಲೇ ನಿಂತು, ಸಾಕು ಒಯ್ಯಪ್ಪ, ನನ್ನ ಮಗಳ ಕಣ್ಣು ತಿಂದ ಪುಸ್ತಕ ಇವು, ಎಂದು ಗಟ್ಟಿಯಾಗಿ. ಎಂಟು ದಿನಕ್ಕೆ ಅಪ್ಪನೇ ಸಂಜೆ ಶೇಂಗಾ ಕಟ್ಟಿಸಿಕೊಂಡು ಬಂದ, ಪೊಟ್ಟಣ ಬಿಚ್ಚಿದರೆ ನಾನು ಒಂಬತ್ತು ಸಲ ಓದಿದ ಪುಟ, ಎಣ್ಣೆ ಹಿಡಿದಿತ್ತು, ಒಬ್ಬ ಹುಡುಗ ಛಾವಣಿಯ ಮೇಲೆ ಓಡುತ್ತಿದ್ದ, ಅವನ ಕಾಲು ಇರಲಿಲ್ಲ, ಹರಿದಿತ್ತು. ಶೇಂಗಾ ತಿಂದೆ. ಅತ್ತರೆ ಭುವನಾ ಕೇಳುತ್ತಾಳೆ, ಹದಿನೈದು ವರ್ಷದ ಹುಡುಗಿ, ಯಾಕಕ್ಕಾ ಎಂದು. ಆ ಪುಸ್ತಕಗಳನ್ನು ಒಂದೊಂದಾಗಿ ಹೈದರಾಬಾದಿನಿಂದ ತಂದುಕೊಟ್ಟವನು ಬಸವಕಿರಣ ಮಾಮನೇ, ಇಂಜಿನಿಯರಿಂಗ್ ಓದುತ್ತಿದ್ದಾಗ, ಹಿಂದಿನ ರಟ್ಟಿನಿಂದ ಶುರು ಮಾಡಬೇಕು, ಬಲದಿಂದ ಎಡಕ್ಕೆ ಬರಬೇಕು, ಎಂದು ಹೇಳಿಕೊಟ್ಟವನೂ ಅವನೇ, ಅಜ್ಜಿ ಮನೆಯ ಕಟ್ಟೆಯ ಮೇಲೆ, ನನ್ನ ಬೆರಳು ಹಿಡಿದು ಪುಟದ ಮೇಲೆ ಎಳೆದು. ಬೆರಳು ಹಿಡಿಯುವ ಅಧಿಕಾರ ಅವನಿಗಿತ್ತು, ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಇವಳು ನನ್ನ ಕಿರಣನಿಗೆ ಎಂದು ನೂಲು ಕಟ್ಟಿದ್ದಳು. ನೂಲು ಹೋಯಿತು. ಕಣ್ಣಿನ ಸುದ್ದಿ ತಿಳಿದ ಮೇಲೆ ಅಜ್ಜಿ ಬಂದು, ನನ್ನ ಎದುರಿಗೇ, ನಾನು ಕುರುಡಿಯಷ್ಟೇ ಅಲ್ಲ ಕಿವುಡಿಯೂ ಎನ್ನುವ ಹಾಗೆ, ಪಂಚಾಕ್ಷರೀ, ಕಣ್ಣಿಲ್ಲದಾಕಿ ಕೈಯಾಗ ಹೆಂಗ ಸಂಸಾರ ಕೊಡಲೋ, ಸಣ್ಣಾಕಿ ದೊಡ್ಡಾಕಿ ಆಗಲಿ, ಆಕಿನ್ನೇ ತಂದುಕೊಂತೀನಿ, ಎಂದಳು. ಅಂಗಡಿಯಲ್ಲಿ ಬಣ್ಣ ಹೋದ ಸೀರೆ ತಿರುಗಿಸಿ ಕೊಟ್ಟು ಬೇರೆ ತೆಗೆದುಕೊಳ್ಳುವುದಿಲ್ಲವೇ, ಹಾಗೆ. ಮಾಮ ಆ ದಿನ ಅಜ್ಜಿಯ ಜೊತೆ ಬಂದು ನಮ್ಮ ಬಾಗಿಲ ಕಟ್ಟೆಯ ಮೇಲೆ ಕೂತಿದ್ದ, ಏನೂ ಅನ್ನಲಿಲ್ಲ, ಇವತ್ತಿನವರೆಗೂ ಏನೂ ಅಂದಿಲ್ಲ, ನನಗೆ ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇದೇ ತೊಂದರೆ, ನಾನು ಬಾಯಿ ತೆರೆದ ಕೂಡಲೇ ಎಲ್ಲರೂ ಹೇಳುವುದು ಒಂದೇ: ಹೊಟ್ಟೆಕಿಚ್ಚು. ತನಗೆ ಸಿಗಲಿಲ್ಲ, ತಂಗಿಗೂ ಬೇಡ ಎನ್ನುತ್ತಾಳೆ. ಹೊಟ್ಟೆಕಿಚ್ಚು ಇಲ್ಲವೇ ನನಗೆ, ಇದೆ, ಯಾಕೆ ಸುಳ್ಳು ಹೇಳಲಿ, ಮೈಲುತುತ್ತದ ಸೀರೆ ಎಂದಾಗ ಇತ್ತು. ಆದರೆ ಆ ಕಾಗದವೂ ಇದೆ, ಅಪ್ಪನ ಕಪಾಟಿನಲ್ಲಿ, ಹೊಲದ ಪತ್ರಗಳ ಕೆಳಗೆ, ನಾಲ್ಕು ಮಡಿಕೆ.

ಮನೆ, ಮೂರೂವರೆ, ಅವ್ವ ಅಡುಗೆಮನೆಯಲ್ಲಿ ನಾಳೆಗೆ ಹೂರಣ ರುಬ್ಬುತ್ತಿದ್ದಾಳೆ, ಬೆಲ್ಲದ ವಾಸನೆ ಮೇಲಿನವರೆಗೂ ಬಂದಿದೆ, ಕುಪ್ಪಸ ಆತೇನ್ರೇ, ಆತವ್ವಾ, ಎಂದು ಭುವನಾ ಚೀಲ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು, ಮೇಲಿನ ಕೋಣೆ, ಪಡುವಣ ಕಿಟಕಿ, ಈ ಹೊತ್ತಿನ ಬಿಸಿಲು ಚಾಪೆಯ ಮೇಲೆ ನೇರ ಬೀಳುತ್ತದೆ, ನನ್ನ ಓದುವ ಹೊತ್ತು ಇದೇ, ದಿನಕ್ಕೆ ಎರಡು ಗಂಟೆ. ಅವಳು ಬಾಗಿಲು ಹಾಕಿ ಪಕ್ಕದಲ್ಲಿ ಬೋರಲು ಮಲಗಿ ಗಲ್ಲಕ್ಕೆ ಕೈ ಕೊಟ್ಟು, ಓದಕ್ಕಾ, ನನಗೂ ಹೇಳು, ಎಂದಳು. ಹಿಂದಿನ ರಟ್ಟು ತೆರೆದೆ, ಅದೇ ಮುಂದಿನದು, ಹೊಸ ಮಸಿಯ ಘಾಟು ಬಂತು, ಆ ಒಂದು ಗಳಿಗೆ ನಾನು ಯಾರ ಅಕ್ಕನೂ ಅಲ್ಲ, ಸುಖವಾಯಿತು, ಸುಖ ಎಂದೇ ಹೇಳಬೇಕು. ಕಡಲ ಪಕ್ಕದ ಒಂದು ಊರು, ಯಾವಾಗಲೂ ಮಳೆ, ನಮ್ಮೂರಿನವರು ನೋಡಿದರೆ ನಂಬುವುದಿಲ್ಲ, ಅಲ್ಲಿ ಕೊಡೆ ರಿಪೇರಿ ಮಾಡುವವನ ಅಂಗಡಿ, ಅವನು ಸತ್ತಿದ್ದಾನೆ, ಮಗಳು ಅಂಗಡಿ ತೆಗೆದು ನೋಡಿದರೆ ಗೋಡೆಯ ಮೇಲೆ ಇಪ್ಪತ್ತು ಕೊಡೆ ನೇತಾಡುತ್ತಿವೆ, ರಿಪೇರಿ ಆದವು, ಯಾರೂ ಬಂದು ಒಯ್ಯದವು, ಒಂದಕ್ಕೂ ಹೆಸರಿಲ್ಲ, ಅವಳು ಒಂದೊಂದನ್ನೇ ತೆಗೆದುಕೊಂಡು ಕೊಡೆಯವರನ್ನು ಹುಡುಕಿಕೊಂಡು ಹೊರಡುತ್ತಾಳೆ. ಅದಕ್ಕೇ ಇಪ್ಪತ್ತು ಪುಸ್ತಕ. ಸರಿ, ಹನ್ನೊಂದನೆಯ ಕೊಡೆಯಿಂದ ಆಚೆ ಯಾರದು ಎಂದು ನನಗೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಏನಾಯಿತು, ಏನೂ ಆಗುವುದಿಲ್ಲ, ಹೀಗೆಂದುಕೊಂಡು ಪುಟ ತಿರುಗಿಸಿದೆ. ನಾನು ಓದುವುದು ಹೀಗೆ: ಮೊದಲ ಚೌಕದ ಮೂಲೆ ಹುಡುಕಿ ಅಲ್ಲಿ ಬೆರಳಿಟ್ಟು, ಮುಖ ಹುಡುಕಿ, ಮುಖದಿಂದ ಬಾಯಿಗೆ, ಬಾಯಿಂದ ಮಾತಿಗೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಇರುವುದಿಲ್ಲ, ಹುಡುಕಿದರೆ ಇರುತ್ತಾರೆ. ಓದುತ್ತಾ ಕನ್ನಡದಲ್ಲಿ ಅವಳಿಗೆ ಹೇಳುತ್ತಾ ಹೋದೆ, ಒಂದನೇ ಅಧ್ಯಾಯ ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡೆ, ಮುಗಿಯಿತು, ಅಕ್ಕಾ ಆಮ್ಯಾಲೆ, ಎಂದಳು, ಸರಿ, ಎರಡನೆಯದು ಮುಗಿಯಲಿ.

ಎರಡನೆಯದು ಮುಗಿಯಿತು. ಬೆರಳನ್ನು ಪುಟದ ನಡುವೆ ಇಟ್ಟು, ಭುವಿ, ಎಂದೆ. ಏನಕ್ಕಾ. ಮಾಮಗ ಕಣ್ಣು ತೋರಿಸ್ಯಾರೇನ ಯಾವಾಗರೆ, ಎಂದೆ, ಎಷ್ಟು ಪೆದ್ದು ಮಾತು, ಆರು ತಿಂಗಳಿಂದ ಕಟ್ಟಿಕೊಂಡ ಮಾತು ಹೀಗೆ ಬಾಲದಿಂದ ಹೊರಬಂತು. ಅವಳು ಎದ್ದು ಕೂತದ್ದು ಚಾಪೆಯ ಸದ್ದಿನಿಂದ ತಿಳಿಯಿತು. ಆಮೇಲೆ, ಅಕ್ಕಾ, ನಿನಗ ಬ್ಯಾಸರ ಐತೇನ, ಎಂದಳು, ಖರೇ ಹೇಳು, ಅಜ್ಜಿ ಮಾತು ಕೇಳಿ ನಿನ್ನ ಜಾಗಾದಾಗ ನಾನು ಕುಂತೀನಂತ ನನಗ ಗೊತ್ತೈತಿ, ನೀನು ಒಂದ್ ಮಾತು ಬ್ಯಾಡ ಅನ್ನು, ಈಗ ಕೆಳಗಿಳಿದು ಅವ್ವಗ ಹೇಳತೀನಿ ನನಗ ಈ ಮದುವಿ ಬ್ಯಾಡ ಅಂತ, ನಿನ್ನಾಣಿ. ಅವಳ ಮುಖ ನನ್ನ ಬಳೆಯೊಳಗೆ ಪೂರ್ತಿ ತುಂಬಿತ್ತು, ಮೂಗಿನ ಮೇಲೆ ಬೆವರು, ಕಣ್ಣು ತುಂಬಿ ಬಂದಿದ್ದವು, ಅಷ್ಟು ಒಳ್ಳೆಯವಳು, ಅಷ್ಟು ಒಳ್ಳೆಯವಳಾಗಿದ್ದಕ್ಕೆ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಬ್ಯಾಡ ಎನ್ನಬೇಕಾದ ಜಾಗ ಅದೇ, ಬಾಗಿಲು ಅವಳೇ ತೆಗೆದಿದ್ದಳು, ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆದರೆ ಬ್ಯಾಡ ಎಂದರೆ ನಾನು ಮಾಮನಿಗಾಗಿ ಬ್ಯಾಡ ಎಂದ ಹಾಗೆ, ಆರು ವರ್ಷದಿಂದ ಎದೆಯೊಳಗೆ ಇಟ್ಟುಕೊಂಡು ಕೊರಗುತ್ತಿದ್ದ ಹಾಗೆ, ಕೊರಗಿದ್ದು ನಿಜವಾದ್ದರಿಂದಲೇ ಹೇಳಲಾಗಲಿಲ್ಲ. ಹುಚ್ಚಿ, ನನಗ್ಯಾಕ ಬ್ಯಾಸರ, ಎಂದೆ, ಆತನ ತಲಿ ಮ್ಯಾಲೆ ಕೂದಲೇ ಉಳಿದಿಲ್ಲ ಈಗ. ಅವಳು ಅತ್ತು ನಕ್ಕಳು. ನಾನು ಮಾನ ಉಳಿಸಿಕೊಂಡೆ, ಅವಳು ಹೆರಲಿರುವ ಮಕ್ಕಳ ಕಣ್ಣು ಕೊಟ್ಟು ಉಳಿಸಿಕೊಂಡೆ. ಇದನ್ನು ಹೀಗೇ ಹೇಳಬೇಕು, ಬೇರೆ ಮಾತಿಲ್ಲ. ಮುಂದ ಓದು, ಎಂದಳು, ಮೂರನೆಯ ಅಧ್ಯಾಯ, ಕೊನೆಯದು.

ಮೂರನೆಯದರಲ್ಲಿ ಆ ಹುಡುಗಿ ಮೊದಲನೆಯ ಕೊಡೆಯವನನ್ನು ಕಂಡುಹಿಡಿಯುತ್ತಾಳೆ, ಒಬ್ಬ ಮುದುಕ, ಟಪಾಲಿನವನು, ಕೊಡೆ ನನ್ನದಲ್ಲ ಎಂದು ಸುಳ್ಳು ಹೇಳುತ್ತಾನೆ, ಆಮೇಲೆ ತೆಗೆದುಕೊಂಡು ಅಳುತ್ತಾನೆ. ಸುದ್ದಿ ಊರಲ್ಲಿ ಹರಡುತ್ತದೆ. ಕೊನೆಯಲ್ಲಿ ಎರಡು ಪುಟ ಸೇರಿ ಒಂದೇ ಚಿತ್ರ, ಅಂಥವು ಬಂದರೆ ನನಗೆ ಮೊದಲಿನಿಂದಲೂ ಹೊಟ್ಟೆ ಉರಿಯುತ್ತದೆ, ಬರೆದವರು ಒಂದೇ ನೋಟಕ್ಕೆ ಎದೆ ಝಲ್ಲೆನ್ನಲಿ ಎಂದು ಬರೆದಿರುತ್ತಾರೆ, ನಾನು ಅದನ್ನು ಚೂರು ಚೂರಾಗಿ ಆರಿಸಿ ಜೋಡಿಸಿಕೊಳ್ಳಬೇಕು, ಅಷ್ಟರಲ್ಲಿ ಝಲ್ಲೆನ್ನುವುದು ಏನೂ ಉಳಿದಿರುವುದಿಲ್ಲ. ದಟ್ಟವಾದ ಮಳೆ, ನಡುವೆ ಹುಡುಗಿ, ಕೈಯಲ್ಲಿ ಎರಡನೆಯ ಕೊಡೆ, ಮುಚ್ಚಿದ್ದು. ಸೋಮಾರಿತನದಿಂದ ಕೇಳಿದೆ, ಬೇರೆ ಏನೂ ಮನಸ್ಸಿನಲ್ಲಿರಲಿಲ್ಲ, ಅಂಚಿನಾಗ ಏನೈತಿ ಹೇಳು ಭುವಿ. ಅವಳು ಬಗ್ಗಿ ನೋಡಿದಳು, ಏನಿಲ್ಲಕ್ಕಾ, ಮಳಿ, ನಡುವ ಒಬ್ಬಾಕಿನೇ ನಿಂತಾಳ, ಪಾಪ. ಸರಿ ಎಂದು ರಟ್ಟು ಮುಚ್ಚಲು ಹೋದೆ, ಮುಚ್ಚುವಾಗ ನನ್ನ ನೋಟ ಎಡಕ್ಕೆ ಜಾರಿತು, ಅಲ್ಲಿ ಒಂದು ಮೂಗು. ಮೂಗಿನ ಪಕ್ಕ ತೊಯ್ದ ಟೋಪಿ, ಟೋಪಿಯ ಪಕ್ಕ ಮುದುಕಿ, ಮುದುಕಿಯ ಕಂಕುಳಲ್ಲಿ ಮಗು, ಅವರ ಹಿಂದೆ ಇನ್ನೊಬ್ಬರು, ಇನ್ನೊಬ್ಬರು, ಬಲಕ್ಕೆ ಸರಿಸಿದೆ, ಅಲ್ಲೂ, ಒಂದು ಊರಿಗೆ ಊರೇ ಕೊಡೆಯಿಲ್ಲದೆ ಮಳೆಯಲ್ಲಿ ಅವಳಿಗಾಗಿ ಕಾಯುತ್ತಾ ನಿಂತಿದೆ, ಎರಡೂ ಕಡೆ, ಇನ್ನೂರು ಮುನ್ನೂರು ಮುಖ, ಕಪ್ಪು ಮಸಿಯಲ್ಲಿ, ದೊಡ್ಡ ದೊಡ್ಡದಾಗಿ. ಆಟ ಆಡಸ್ತೀಯೇನ, ಎಂದೆ. ಏನಕ್ಕಾ. ಸರಿಯಾಗಿ ನೋಡು, ಅಂಚು ನೋಡು. ಅವಳು ನೋಡಿದಳು, ನಾನು ಪುಟ ಬಿಟ್ಟು ಅವಳನ್ನು ನೋಡಿದೆ, ಅವಳ ಕಣ್ಣು ಸರಿಯಲಿಲ್ಲ, ಕತ್ತು ಹೊರಳಿತು, ಎಡಕ್ಕೆ ನಿಧಾನವಾಗಿ, ನಿಂತಿತು, ಆಮೇಲೆ ಬಲಕ್ಕೆ, ನಿಂತಿತು. ಅಯ್ಯ, ಇಲ್ಲೂ ಮಂದಿ ಅದಾರಲ್ಲ, ಎಂದಳು, ಎಷ್ಟಕೊಂದು ಮಂದಿ, ನಾ ನೋಡೇ ಇಲ್ಲ, ಎಂದು ನಕ್ಕಳು. ಆ ಕತ್ತು ನನಗೆ ಗೊತ್ತು. ಹದಿನೇಳರಿಂದ ಅದು ನನ್ನ ಕತ್ತು.

ನನ್ನ ತಂಗಿಗೂ ಶುರುವಾಗಿದೆ. ಇಲ್ಲ, ಆತುರದಲ್ಲಿ ನೋಡಿರುತ್ತಾಳೆ, ಅತ್ತ ಕಣ್ಣು, ನೀರು ಅಡ್ಡ ಬಂದಿರುತ್ತದೆ — ಇಲ್ಲ. ಕತ್ತಲಾದರೆ ಸ್ಕೂಟಿ ತೆಗೆಯುವುದಿಲ್ಲ ಅವಳು, ಹುಳ ಕಣ್ಣಿಗೆ ಬೀಳತಾವ ಎನ್ನುತ್ತಾಳೆ, ಎಲ್ಲರೂ ಒಪ್ಪಿದ್ದೇವೆ. ಶ್ರಾವಣದಲ್ಲಿ ನಾಗಲದಿನ್ನೆಗೆ ಹೋದಾಗ ಹೊಳೆಯ ಮೆಟ್ಟಿಲಲ್ಲಿ ಸಂಜೆ ಕಾಲು ತಪ್ಪಿದಳು, ಚಪ್ಪಲಿ ಹೊಸದು ಎಂದಳು. ಇವತ್ತು ಬರುವಾಗ ಪಕ್ಕದಿಂದ ಬಂದ ಆಟೋದವನಿಗೆ ಆಕಾಶದಿಂದ ಇಳಿದ್ಯೇನೋ ಎಂದು ಬೈದಳು, ನಾನೂ ನಕ್ಕೆ. ಒಂದೊಂದಕ್ಕೂ ಕಾರಣ ಇತ್ತು. ನನಗೂ ಇದ್ದವು, ಹದಿನೇಳರಲ್ಲಿ, ಇಂಥವೇ. ಆರು ವರ್ಷದ ಹಿಂದೆ ಡಾಕ್ಟರಮ್ಮ ಕರೆದುಕೊಂಡು ಬನ್ನಿ ಎಂದಳು, ಅಪ್ಪ ಒಯ್ಯಲಿಲ್ಲ, ಗೊತ್ತಾದರೆ ಗೊತ್ತಾದಂತೆ ಆಗುತ್ತದಲ್ಲ, ಅದಕ್ಕೆ, ನಾನೂ ಕೇಳಲಿಲ್ಲ. ಇಲ್ಲಿಯವರೆಗೆ ಹುಟ್ಟದ ಮಕ್ಕಳ ಮಾತು ಇತ್ತು, ಈಗ ಇವಳು. ಹೇಳಿದರೆ ನಾಳೆಯ ನಿಶ್ಚಯ ನಿಲ್ಲುತ್ತದೆ, ಇವಳು ಈ ಚಾಪೆಯ ಮೇಲೆ ಕೂತು ಇಪ್ಪತ್ತೊಂದಕ್ಕೆ ನಾನು ಹತ್ತೊಂಬತ್ತಕ್ಕೆ ಕೇಳಿದ ಮಾತು ಕೇಳುತ್ತಾಳೆ, ನನ್ನ ಬಾಯಿಂದ. ಹೇಳದಿದ್ದರೆ ಮೈಲುತುತ್ತದ ಸೀರೆ ಉಟ್ಟು ಅಜ್ಜಿಯ ಪಡಸಾಲೆಯಲ್ಲಿ ಕೂರುತ್ತಾಳೆ, ಎದುರಿಗೆ ಮಾಮನನ್ನು ನೋಡುತ್ತಾಳೆ, ಅವನೊಬ್ಬನನ್ನೇ, ಮದುವೆಯ ಸಂಭ್ರಮ ಎಂದು ಎಲ್ಲರೂ ನಗುತ್ತಾರೆ. ಆಮೇಲೆ ಒಂದು ದಿನ ಅತ್ತೆಮನೆಯಲ್ಲಿ ಹಾಲಿನ ಪಾತ್ರೆ ಎಡವುತ್ತಾಳೆ, ಅಜ್ಜಿ ನೋಡುತ್ತಾಳೆ, ಕಣ್ಣಿಲ್ಲದಾಕಿ ಎನ್ನುತ್ತಾಳೆ, ಬದಲಿಗೆ ತೆಗೆದುಕೊಳ್ಳಲು ಈ ಮನೆಯಲ್ಲಿ ಮೂರನೆಯವಳಿಲ್ಲ. ಇವಳು ಏನು ಓದಿ ಕೆಡಿಸಿಕೊಂಡಳೆಂದು ಹೇಳುತ್ತಾನೆ ಅಪ್ಪ, ಇವಳಿಗೆ ಪುಸ್ತಕದ ಹುಚ್ಚಿಲ್ಲ. ಕೆಳಗಿನಿಂದ ಅವ್ವ ಕೂಗಿದಳು, ಭುವನಾ, ಬಳಿಗಾರ ಉಚ್ಚಮ್ಮ ಬಂದಾಳ, ಬಾರೇ. ಬಂದೆವ್ವಾ, ಎಂದು ಇವಳು ಏಳಲು ಹೋದಳು, ನಾನು ಮುಂಗೈ ಹಿಡಿದೆ, ಎಲ್ಲಿ ಹಿಡಿದೆನೋ, ಸಿಕ್ಕಿತು. ಕುಂದ್ರು. ಯಾಕಕ್ಕಾ. ಒಂದು ಆಟ ಐತಿ, ಕುಂದ್ರು, ನನ್ನ ಮೂಗು ನೋಡು, ಕಣ್ಣು ಹೊರಳಸಬ್ಯಾಡ, ಕತ್ತೂ ಹೊರಳಸಬ್ಯಾಡ, ಪಕ್ಕದಾಗ ನನ್ನ ಬೆರಳು ಆಡಸ್ತೀನಿ, ಕಂಡ ಕೂಡಲೇ ಹೂಂ ಅನ್ನು. ಡಾಕ್ಟರಮ್ಮ ನನಗೆ ಮಾಡಿದ್ದು ಇದೇ. ಸಣ್ಣ ಹುಡುಗರ ಆಟ, ಎಂದು ನಗುತ್ತಾ ಕೂತಳು, ಎದುರು ಬದುರು, ಮಂಡಿಗೆ ಮಂಡಿ ತಾಗಿ, ಬಿಸಿಲು ಅವಳ ಮುಖದ ಮೇಲೆ ಪೂರ್ತಿ ಇದೆ, ಇದಕ್ಕಿಂತ ಬೆಳಕು ಬೇಕಿಲ್ಲ. ಎರಡೂ ಕೈ ಎತ್ತಿದೆ, ಇಬ್ಬರ ನಡುವೆ, ಭುಜದ ಅಗಲಕ್ಕೆ, ಬೆರಳು ಆಡಿಸಿದೆ. ನಗುತ್ತಿದ್ದಾಳೆ. ಸ್ವಲ್ಪ ಒಳಗೆ ತಂದೆ, ಆಡಿಸಿದೆ, ನನ್ನ ಕೈ ನನಗೂ ಕಾಣುವುದಿಲ್ಲ, ಆಡುತ್ತಿರುವುದು ಗೊತ್ತು ಅಷ್ಟೇ, ನನ್ನ ಬಳೆಯ ತುಂಬ ಅವಳ ಮುಖ, ಅವಳ ನಗು, ರೆಪ್ಪೆ ಬಡಿಯದೆ ನನ್ನ ಮೂಗು ನೋಡುವ ಎರಡು ಕಣ್ಣು. ಇನ್ನೂ ಒಳಗೆ, ಅವಳ ಓಲೆಯ ನೇರಕ್ಕೆ, ಆಡುತ್ತಿವೆ. ಶುರು ಮಾಡಕ್ಕಾ, ಎನ್ನುತ್ತಿದ್ದಾಳೆ. ಹೂಂ ಎನ್ನು ಭುವಿ, ಒಂದು ಸಲ ಹೂಂ ಎನ್ನು, ನಾನು ಏನೂ ಹೇಳುವುದಿಲ್ಲ. ಬೆರಳು ಆಡುತ್ತಿವೆ. ಅವ್ವ ಕೂಗತಾಳ, ಲಗೂ ಶುರು ಮಾಡು, ಎನ್ನುತ್ತಿದ್ದಾಳೆ, ನಗುತ್ತಿದ್ದಾಳೆ, ಹತ್ತು ಬೆರಳೂ ಆಡುತ್ತಿವೆ, ಯಾವಾಗ ಆಡಸ್ತೀ ಅಕ್ಕಾ, ಎನ್ನುತ್ತಿದ್ದಾಳೆ, ಬೆರಳು ಆಡುತ್ತಿವೆ, ಬೆರಳು